ಹಿಮ ಬೀಳದ ಫೆಬ್ರವರಿಯಲ್ಲಿ ಟೋಕಿಯೊ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು ನಾನು. ಎರಡನೇ ಮಹಾಯುದ್ಧದ ಪಾಠ ಬಂದಾಗಲೆಲ್ಲ ‘ಜಪಾನಿನಲ್ಲಿ ಸೈನಿಕವಾದ ತಲೆಯೆತ್ತಿತು’ ಎಂದು ಬೋರ್ಡಿನ ಮೇಲೆ ಬರೆದು, ಮಕ್ಕಳ ಕೈಯಲ್ಲಿ ಗೆರೆ ಎಳೆಸಿ ಮುಂದಕ್ಕೆ ಹೋಗುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಅದು ತಲೆ ಎತ್ತೋವಾಗ ಅಲ್ಲಿನ ಜನ ಏನ್ ಮಾಡ್ತಿದ್ರು ಮಿಸ್?” ಅಂದ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕು, ಬೆಲ್ ಯಾವಾಗ ಹೊಡೆಯುತ್ತದೋ ಎಂದು ಕಾದೆ.

ಮಗಳು ಟೋಕಿಯೊದ ನಿಶಿ ಕಸಾಯ್‌ನಲ್ಲಿದ್ದಾಳೆ. ಕರಿಬೇವಿನಿಂದ ತೊಗರಿಬೇಳೆಯವರೆಗೆ ಎಲ್ಲ ಸಿಗುವ, ಬಸ್‌ಸ್ಟಾಪಿನಲ್ಲಿ ತೆಲುಗು, ತಮಿಳು, ಕನ್ನಡ ಕಿವಿಗೆ ಬೀಳುವ ಬಡಾವಣೆ. “ಅಮ್ಮ, ಏನ್ ನೋಡ್ಬೇಕು ಹೇಳು, ಫೂಜಿನಾ ಕ್ಯೋತೊನಾ?” ಎಂದು ಫೋನಿನಲ್ಲಿ ಕೇಳಿದಳು. “1936ರ ಫೆಬ್ರವರಿ 26 ತೋರಿಸು” ಅಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಟೋಕಿಯೊದಲ್ಲಿ ಸೇನೆಯ ಯುವ ಅಧಿಕಾರಿಗಳು ಸರ್ಕಾರದ ವಿರುದ್ಧ ದಂಗೆಯೆದ್ದ ದಿನ ಅದು.

ಮೊದಲ ದಿನ, ಬುಧವಾರ: ರೊಪ್ಪೊಂಗಿ

ಆ ವರ್ಷವೂ ಫೆಬ್ರವರಿ 26 ಬುಧವಾರವೇ. ಬೆಳಗಿನ ಜಾವ ಊರಿಗೆ ಊರೇ ಹಿಮದಲ್ಲಿ ಮುಳುಗಿತ್ತು. ಅದನ್ನು ಓದಿ ಓದಿ ತಲೆಗೆ ಹತ್ತಿಸಿಕೊಂಡಿದ್ದ ನಾನು ಬೆಂಗಳೂರಿನಲ್ಲೇ ಎರಡು ಜೊತೆ ಥರ್ಮಲ್, ಉಣ್ಣೆಯ ಟೋಪಿ, ದಪ್ಪ ಕಾಲುಚೀಲ ಕೊಂಡು ತಂದಿದ್ದೆ. ರೊಪ್ಪೊಂಗಿ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಮೇಲೆ ಬಂದರೆ ಬಿಸಿಲು! ಹತ್ತು ನಿಮಿಷ ನಡೆಯುವಷ್ಟರಲ್ಲಿ ಬೆನ್ನು ಬೆವೆತು, ನ್ಯಾಷನಲ್ ಆರ್ಟ್ ಸೆಂಟರಿನ ಶೌಚಾಲಯದಲ್ಲಿ ಥರ್ಮಲ್ ಕಳಚಿ ಬ್ಯಾಗಿಗೆ ತುರುಕಿದೆ. ಈ ಕಟ್ಟಡಕ್ಕೆ ಮಂಗಳವಾರ ರಜೆ. ಹಿಂದಿನ ದಿನವೇ ಬಂದಿದ್ದರೆ ಬೆವರುತ್ತ ಗೇಟಿನಲ್ಲೇ ನಿಲ್ಲಬೇಕಿತ್ತು.

ಕುರೊಕಾವಾ ಕಿಶೊ ವಿನ್ಯಾಸ ಮಾಡಿದ, ಅಲೆಅಲೆಯಾದ ಗಾಜಿನ ದೊಡ್ಡ ಕಟ್ಟಡ ಅದು. ಎಲ್ಲರ ಮೊಬೈಲೂ ಅದರತ್ತಲೇ. ಅದರ ಪಕ್ಕದಲ್ಲಿ, ಕೇಕಿನಿಂದ ಕೊಯ್ದ ತುಂಡಿನಂತೆ, ಹಳೆಯ ಕಟ್ಟಡವೊಂದರ ಒಂದು ಚೂರು ಉಳಿಸಿದ್ದಾರೆ. ಅದು 1928ರಲ್ಲಿ ಕಟ್ಟಿದ 3ನೇ ಪದಾತಿ ರೆಜಿಮೆಂಟಿನ ಬ್ಯಾರಕ್. 1ನೇ ರೆಜಿಮೆಂಟ್ ಇದ್ದ ಜಾಗದಲ್ಲಿ ಈಗ ಟೋಕಿಯೊ ಮಿಡ್‌ಟೌನ್ ಎಂಬ ಥಳಕಿನ ಮಾಲ್ ಇದೆ. ಅಂದು ಮುಖ್ಯವಾಗಿ ಈ ಎರಡು ಅಂಗಳಗಳಿಂದ, ಯುವ ಅಧಿಕಾರಿಗಳ ಹಿಂದೆ ಸುಮಾರು 1,500 ಸಿಪಾಯಿಗಳು ಹಿಮ ತುಳಿಯುತ್ತ ಹೊರಟರು. ಚಕ್ರವರ್ತಿಯ ಸುತ್ತ ಇರುವ ದ್ರೋಹಿಗಳನ್ನು ಕೊಂದರೆ ದೇಶ ಸರಿಹೋಗುತ್ತದೆ ಎಂಬುದು ಅಧಿಕಾರಿಗಳ ನಂಬಿಕೆ. ಹಣಕಾಸು ಸಚಿವ ತಕಹಾಶಿ ಕೊರೆಕಿಯೊ, ರಾಜಮುದ್ರಾಧಿಕಾರಿ (ಚಕ್ರವರ್ತಿಯ ಆಪ್ತ ಸಲಹೆಗಾರ) ಸೈತೊ ಮಕೊತೊ, ಸೇನಾ ಶಿಕ್ಷಣದ ಮುಖ್ಯಸ್ಥ ವತನಬೆ ಜೋತರೊ ಸತ್ತರು. ಐವರು ಪೊಲೀಸರೂ ಸತ್ತರು. ರಾಜಧಾನಿಯ ನಡುಮಧ್ಯದಲ್ಲಿ ದಂಗೆಕೋರರು ನಾಲ್ಕು ದಿನ ಕೂತರು.

ಸಿಪಾಯಿಗಳಲ್ಲಿ ಬಹಳ ಮಂದಿ ಆ ಜನವರಿಯಲ್ಲಷ್ಟೇ ಸೇರಿದ ಹುಡುಗರು. ರಾತ್ರಿ ಕವಾಯತು ಅಂದುಕೊಂಡು ಹೊರಟವರೂ ಇದ್ದರು. ಅವರಲ್ಲೊಬ್ಬ ಹಾಸ್ಯದ ಕತೆ ಹೇಳುವ ರಾಕುಗೊ ಕಲಾವಿದ, ಮುಂದೆ ಐದನೇ ಯಾನಗಿಯಾ ಕೊಸಾನ್ ಎಂದು ಹೆಸರಾಗಿ ‘ಜೀವಂತ ರಾಷ್ಟ್ರೀಯ ನಿಧಿ’ ಎನಿಸಿಕೊಂಡವರು. ಪೊಲೀಸ್ ಪ್ರಧಾನ ಕಚೇರಿ ಹಿಡಿದ ತಂಡದಲ್ಲಿ ಅವರಿದ್ದರು. ಹುಡುಗರಿಗೆ ಹುಮ್ಮಸ್ಸು ತುಂಬಲು ಒಂದು ಕತೆ ಹೇಳು ಎಂದು ಮೇಲಿನವರ ಅಪ್ಪಣೆಯಾಯಿತು. ಹೇಳಿದರು. ಒಬ್ಬನೂ ನಗಲಿಲ್ಲವಂತೆ. ನನ್ನ ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಗೆ ಮೊದಲ ಉತ್ತರ ಇಲ್ಲೇ ಸಿಕ್ಕಿತೇನೋ ಅನ್ನಿಸಿತು. ‘ಜನ’ ಅಂದರೆ ಬಂದೂಕಿನ ಆಚೆ ಇದ್ದವರು ಮಾತ್ರ ಎಂದು ನಾನು ಅಂದುಕೊಂಡಿದ್ದೆ. ಈಚೆಯೂ ಜನವೇ ಇದ್ದರು.

ಮಧ್ಯಾಹ್ನ ಅಜಾಬು ಜೂಬಾನಿಗೆ ಇಳಿದೆವು. ಇಲ್ಲಿ ನೂರು ವರ್ಷ ದಾಟಿದ ಒಂದು ತೈಯಾಕಿ ಅಂಗಡಿಯಿದೆ. ಮೀನಿನಾಕಾರದ ಕಬ್ಬಿಣದ ಅಚ್ಚಿನಲ್ಲಿ ಸುಡುವ, ಒಳಗೆ ಸಿಹಿ ಹೂರಣವಿರುವ ತಿಂಡಿ. “ಮೀನಲ್ಲ ಅಮ್ಮ, ಹೋಳಿಗೆ ಥರ ಅನ್ಕೋ” ಎಂದು ಮಗಳು ಕೈಗಿಟ್ಟಳು. ಬಾಲದಿಂದ ತಿನ್ನತೊಡಗಿದೆ. ಕೆಂಪು ಹುರುಳಿಯಂಥ ಕಾಳಿನ ಹೂರಣ ಬಿಸಿ ಇರುವಾಗಲೇ ಚೆನ್ನ, ಆರಿದರೆ ಮೇಲಿನ ಸಿಪ್ಪೆ ಚರ್ಮದಂತಾಗುತ್ತದೆ. ತಿನ್ನುತ್ತಲೇ ಗುಡ್ಡ ಹತ್ತಿ ಕೆನ್ಸೋಜಿ ದೇವಾಲಯಕ್ಕೆ ಹೋದೆವು. ಮರಣದಂಡನೆಗೆ ಗುರಿಯಾದವರೂ ಸೇರಿ 22 ಮಂದಿಯ ಸಮಾಧಿ ಅಲ್ಲಿದೆ. ಕಪ್ಪು ಕೋಟಿನ ನಾಲ್ಕಾರು ಹಿರಿಯರು ಮೆಟ್ಟಿಲಿಳಿದು ಬರುತ್ತಿದ್ದರು. ಕೈಯಲ್ಲಿ ಅರ್ಧ ತೈಯಾಕಿ ಹಿಡಿದು ನಿಂತಿದ್ದ ನನಗೆ ನಾಚಿಕೆಯಾಗಿ, ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕಕ್ಕೆ ಸರಿದೆ. ಒಳಗೆ ಹೋಗುವ ಮನಸ್ಸಾಗಲಿಲ್ಲ.

ನಂಬೊಕು ಮೆಟ್ರೊದಲ್ಲಿ ಎರಡೇ ಸ್ಟಾಪ್, ತಮೆಇಕೆ ಸನ್ನೊ. ದಂಗೆಕೋರರು ತಂಗಿದ್ದ ಸನ್ನೊ ಹೋಟೆಲಿನ ಜಾಗದಲ್ಲಿ ಈಗ ಗಾಜಿನ ಗೋಪುರ, ತಳದಲ್ಲಿ ಕಾಫಿ ಅಂಗಡಿ. ಪ್ರಧಾನಿ ನಿವಾಸದ ಕಡೆ ಫೋನ್ ಎತ್ತುತ್ತಿದ್ದಂತೆ ಪೊಲೀಸನೊಬ್ಬ ಬಂದು, ತಲೆ ಬಾಗಿಸಿ, ಎಲ್ಲಿಗೆ ಹೋಗಬೇಕು ಎಂದು ಕೇಳಿದ. ‘ಮುಂದೆ ನಡೀರಿ’ ಎಂಬುದನ್ನು ಇಷ್ಟು ಮರ್ಯಾದೆಯಾಗಿ ಹೇಳಿಸಿಕೊಂಡದ್ದು ಇದೇ ಮೊದಲು. ಆ ಹಳೆಯ ನಿವಾಸದಲ್ಲೇ ಪ್ರಧಾನಿ ಒಕಾದಾ ಕೆಯ್ಸುಕೆ ಕೆಲಸದವರ ಕೋಣೆಯ ಬೀರುವಿನೊಳಗೆ ಅಡಗಿ ಬದುಕಿದ್ದು. ಅವರೇ ಎಂದು ತಿಳಿದು ಸೈನಿಕರು ಕೊಂದದ್ದು ಅವರ ಭಾವಮೈದುನ ಮಾತ್ಸುಒ ದೆಂಜೊ ಅವರನ್ನು. ಮರುದಿನ ‘ತಮ್ಮದೇ’ ಸಾವಿಗೆ ಬಂದ ದುಃಖತಪ್ತರ ಗುಂಪಿನಲ್ಲಿ ಸೇರಿಕೊಂಡು ಒಕಾದಾ ಹೊರಗೆ ಬಂದರು.

ಎರಡನೇ ದಿನ, ಗುರುವಾರ: ಯೂರಾಕುಚೊ, ಅತಾಗೊ

ಮಗಳಿಗೆ ಆಫೀಸು. ಫೋನಿನ ಅನುವಾದಕನನ್ನು ನಂಬಿ ಒಬ್ಬಳೇ ಹೊರಟೆ.

ಯೂರಾಕುಚೊ ಸ್ಟೇಷನ್ನಿನ ಎದುರು ಅಸಾಹಿ ಪತ್ರಿಕೆಯ ಕಟ್ಟಡವಿತ್ತು. ಈಗ ಅಲ್ಲಿ ಅಂಗಡಿ, ಸಿನಿಮಾ. ದಂಗೆಯ ಬೆಳಿಗ್ಗೆ ಸೈನಿಕರು ನುಗ್ಗಿ ಅಚ್ಚುಮೊಳೆಯ ಕೇಸುಗಳನ್ನು ಉರುಳಿಸಿ ಹೋದರು. ಯಾರನ್ನೂ ಕೊಲ್ಲಲಿಲ್ಲ. ಓದುವಾಗ ಇಷ್ಟೇನಾ ಅನ್ನಿಸಿತ್ತು. ಆದರೆ ನಮ್ಮ ಚಿಕ್ಕಪ್ಪ ತಿಪಟೂರಿನಲ್ಲಿ ಪ್ರೆಸ್ ಇಟ್ಟಿದ್ದರು. ಲಗ್ನಪತ್ರಿಕೆಯ ಕೆಲಸದ ನಡುವೆ ಒಂದು ಕೇಸು ಬಿದ್ದು, ಒತ್ತಕ್ಷರಗಳನ್ನೆಲ್ಲ ಹೆಕ್ಕಿ ವಾಪಸು ಜೋಡಿಸಲು ಮನೆಮಂದಿಯೆಲ್ಲ ಎರಡು ರಾತ್ರಿ ಕೂತಿದ್ದು ನೆನಪಿದೆ. ಜಪಾನಿಯಲ್ಲಿ ಮೊಳೆಗಳು ಸಾವಿರಗಟ್ಟಲೆ. ಒಂದು ಪತ್ರಿಕೆಯ ಬಾಯಿ ಕಟ್ಟಲು ಗುಂಡು ಬೇಕಿಲ್ಲ.

ಬಾಯಿ ಮೊದಲೇ ಕಟ್ಟಿತ್ತೆನ್ನಿ. ಬೆಳಗಿನ ಜಾವದ ಕೊಲೆಗಳ ಬಗ್ಗೆ ಸೇನಾ ಇಲಾಖೆಯ ಪ್ರಕಟಣೆ ಬಂದದ್ದು ರಾತ್ರಿ ಎಂಟು ಗಂಟೆಯ ಮೇಲೆ. ಶೇರುಪೇಟೆ ಮುಚ್ಚಿತ್ತು, ಊರಲ್ಲಿ ಸೈನಿಕರಿದ್ದರು, ಸುದ್ದಿ ಮಾತ್ರ ಇರಲಿಲ್ಲ. ಇದಕ್ಕೆ ಆರೇ ದಿನ ಮುಂಚೆ, ಫೆಬ್ರವರಿ 20ರಂದು, ಇದೇ ಜನ ಸಾಲುಗಟ್ಟಿ ಓಟು ಹಾಕಿದ್ದರು. ‘ಸಂಸದೀಯ ಆಡಳಿತವೋ ಫ್ಯಾಸಿಸಮ್ಮೋ’ ಎಂದು ಕೇಳಿದ ಮಿನ್ಸೆಯ್ತೊ ಪಕ್ಷಕ್ಕೆ 466ರಲ್ಲಿ 205 ಸ್ಥಾನ ಕೊಟ್ಟು ಮೊದಲ ಜಾಗಕ್ಕೆ ತಂದಿದ್ದರು. ಸಮಾಜವಾದಿಗಳ ಪಕ್ಷಕ್ಕೆ 18. ಜಪಾನಿಗರೆಲ್ಲ ಒಂದೇ ಸಲ ಯುದ್ಧದ ಅಮಲಿಗೆ ಬಿದ್ದರು ಎಂಬಂತೆ ಪಾಠ ಮಾಡಿದ್ದೆನಲ್ಲ, ಆ ಓಟಿನ ಲೆಕ್ಕ ನೋಡಿದ ಮೇಲೆ ನನಗೆ ನನ್ನ ಮೇಲೇ ಸಿಟ್ಟು ಬಂತು.

ಹಾಗಂತ ಜನ ದಂಗೆಕೋರರನ್ನು ದ್ವೇಷಿಸುತ್ತಿದ್ದರು ಅನ್ನಲೂ ಆಗದು. ನಾಲ್ಕು ವರ್ಷ ಹಿಂದೆ, 1932ರ ಮೇ 15ರಂದು, ನೌಕಾಪಡೆಯ ಯುವಕರು ಪ್ರಧಾನಿ ಇನುಕಾಯ್ ತ್ಸುಯೊಶಿಯನ್ನು ಕೊಂದಾಗ, ಕೊಂದವರಿಗೆ ದಯೆ ತೋರಿಸಿ ಎಂದು ಲಕ್ಷಗಟ್ಟಲೆ ಸಹಿಗಳ ಮನವಿ ಬಂದವು. ಕೆಲವರು ರಕ್ತದಲ್ಲಿ ಬರೆದರು, ಬೆರಳು ಕತ್ತರಿಸಿ ಕಳಿಸಿದವರೂ ಇದ್ದರು. ಶಿಕ್ಷೆ ಹಗುರಾಯಿತು. ಬಹಿರಂಗ ವಿಚಾರಣೆ ಅಂದರೆ ಆರೋಪಿಗಳಿಗೆ ವೇದಿಕೆ ಎಂಬುದನ್ನು ಸರ್ಕಾರ ಅಲ್ಲೇ ಕಲಿತದ್ದು. 1936ರವರಿಗೆ ಮುಚ್ಚಿದ ಬಾಗಿಲ ಸೇನಾ ನ್ಯಾಯಾಲಯ. ವಕೀಲರಿಲ್ಲ, ಮೇಲ್ಮನವಿ ಇಲ್ಲ.

ಅಲ್ಲಿಂದ ಅತಾಗೊ ಗುಡ್ಡ. ದೇವಸ್ಥಾನಕ್ಕೆ 86 ಕಡಿದಾದ ಮೆಟ್ಟಿಲು. ನಲವತ್ತನೆಯದಕ್ಕೆ ಮಂಡಿ ‘ಬೇಡ’ ಅಂತು, ಅರವತ್ತಕ್ಕೆ ನಾನೂ ಅಂದೆ, ಆದರೆ ತಿರುಗಿ ನೋಡಿದರೆ ಇಳಿಯುವುದು ಇನ್ನೂ ಭಯ. ಮೇಲೆ ಹತ್ತಿ ಏದುಸಿರು ಬಿಡುವಾಗ ಪಕ್ಕದಲ್ಲಿ ಲಿಫ್ಟಿನಿಂದ ಒಬ್ಬ ಮುದುಕಿ ಆರಾಮವಾಗಿ ಇಳಿದಳು. ವಯಸ್ಸಾದವರು ಸುರಂಗದ ಕಡೆಯಿಂದ ಬನ್ನಿ, ಲಿಫ್ಟು ಅಲ್ಲಿದೆ.

ಆಗ ಬಾನುಲಿ ಕೇಂದ್ರ ಇದ್ದದ್ದು ಈ ಗುಡ್ಡದ ಮೇಲೆ, ಈಗ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಪ್ರಸಾರ ಮ್ಯೂಸಿಯಂ ಇದೆ. ಟಿಕೆಟ್ ಇಲ್ಲ, ಸೋಮವಾರ ರಜೆ. 1935ರ ಹೊತ್ತಿಗೇ ದೇಶದಲ್ಲಿ 20 ಲಕ್ಷ ರೇಡಿಯೋ ಲೈಸೆನ್ಸುಗಳಿದ್ದವು. ಮರದ ಡಬ್ಬಿಯಂಥ ಹಳೆಯ ರೇಡಿಯೋ ಒಂದರ ಮುಂದೆ ಬಹಳ ಹೊತ್ತು ನಿಂತೆ. ಫೆಬ್ರವರಿ 29ರ ಬೆಳಿಗ್ಗೆ ಟ್ರಾಮು ನಿಂತಿತ್ತು, ದಂಗೆಕೋರರ ಸುತ್ತಲಿನ ಬೀದಿಗಳ ಜನರನ್ನು ಎಬ್ಬಿಸಿ ಸಾಗಿಸಿದ್ದರು, ಉಳಿದವರೆಲ್ಲ ಇಂಥ ಡಬ್ಬಿಗೆ ಕಿವಿಗೊಟ್ಟು ಕೂತಿದ್ದರು. ಸೇನಾಡಳಿತದ ಪ್ರಧಾನ ಕಚೇರಿಯಾಗಿದ್ದ ಕುದಾನ್‌ನ ಸೈನಿಕ ಭವನದಿಂದ ಉದ್ಘೋಷಕ ನಕಾಮುರಾ ಶಿಗೆರು ಓದಿದರು: ಚಕ್ರವರ್ತಿಯ ಆಜ್ಞೆ ಹೊರಟಿದೆ, ಈಗಲೂ ತಡವಾಗಿಲ್ಲ, ನಿಮ್ಮ ನಿಮ್ಮ ಪಡೆಗೆ ಮರಳಿ. ವಿಮಾನದಿಂದ ಬಿದ್ದ ಕರಪತ್ರದಲ್ಲಿ, ನೀವು ದೇಶದ್ರೋಹಿಗಳಾಗುತ್ತೀರೆಂದು ಹೆತ್ತವರು, ಒಡಹುಟ್ಟಿದವರು ಅಳುತ್ತಿದ್ದಾರೆ ಎಂದಿತ್ತು. ಆಕಾಶದಲ್ಲಿ ಜಾಹೀರಾತಿನ ಬಲೂನು, ಅದರಿಂದ ನೇತಾಡುವ ಪಟ್ಟಿಯಲ್ಲಿ, ಸೇನಾ ಧ್ವಜಕ್ಕೆ ಎದುರಾಗಬೇಡಿ. ಸಾಬೂನು, ಸೇಲು ಸಾರುವ ಬಲೂನಿನಲ್ಲಿ ರಾಜಾಜ್ಞೆ! ಮಧ್ಯಾಹ್ನದ ಹೊತ್ತಿಗೆ ಸಿಪಾಯಿಗಳು ಮರಳಿದರು. ‘ಈಗಲೂ ತಡವಾಗಿಲ್ಲ’ ಎಂಬುದು ಊರವರ ಬಾಯಲ್ಲಿ ತಮಾಷೆಯ ಮಾತಾಗಿ ಉಳಿಯಿತು.

ಹೊರಗೆ ಬೆಂಚಿನ ಮೇಲೆ ಕೂತು, ಅಂಗಡಿಯಿಂದ ತಂದ ಉಪ್ಪಿನ ಪ್ಲಮ್ಮಿನ ಓನಿಗಿರಿ (ಅನ್ನದ ಉಂಡೆ) ಬಿಚ್ಚಿದೆ. ಸಸ್ಯಾಹಾರಿಗಳು ಇಲ್ಲಿ ಸಾರು, ನೂಡಲ್ಸ್ ಎಂದರೆ ಎಚ್ಚರದಿಂದಿರಬೇಕು, ಒಣಮೀನಿನ ರಸವಿಲ್ಲದ ಸಾರೇ ಅಪರೂಪ. ಪಕ್ಕದಲ್ಲಿ ಎಂಬತ್ತರ ಆಸುಪಾಸಿನ ಒಬ್ಬ ತಾತ. ಫೋನು ಹಿಡಿದು ಕೇಳಿದೆ. ಅವರ ತಾಯಿಗೆ ಆಗ ಹತ್ತು ವರ್ಷವಂತೆ, ಮನೆ ಶಿಂಜುಕು ಕಡೆ. ಶಾಲೆಗೆ ರಜೆ ಕೊಟ್ಟರೆಂದು ಕುಣಿದಾಡಿದಳಂತೆ. “ಆಮೇಲೆ?” ಅಂದೆ. ತಾತ ಹೇಳಿದ್ದನ್ನು ಫೋನು ‘ಹಿಮದ ದರುಮ’ ಎಂದು ಬರೆಯಿತು. ನನಗೆ ತಿಳಿಯಲಿಲ್ಲ. ಅವರು ಊರುಗೋಲಿನಿಂದ ಮಣ್ಣಿನ ಮೇಲೆ ದೊಡ್ಡದೊಂದು ಸೊನ್ನೆ, ಅದರ ಮೇಲೆ ಚಿಕ್ಕದೊಂದು ಸೊನ್ನೆ ಬರೆದು, ಎರಡು ಚುಕ್ಕಿಯ ಕಣ್ಣಿಟ್ಟು ನನ್ನ ಮುಖ ನೋಡಿದರು.

ಮೂರನೇ ದಿನ, ಶುಕ್ರವಾರ: ಕೊಗಾನೆಯ್

ಚುಒ ಲೈನಿನಲ್ಲಿ ‘ವಿಶೇಷ ವೇಗದೂತ’ ಬಂತು, ಹತ್ತಿದೆ. ಅದು ಮುಸಾಶಿ ಕೊಗಾನೆಯ್‌ನಲ್ಲಿ ನಿಲ್ಲುವುದಿಲ್ಲ. ಇಳಿಯಬೇಕಾದ ಸ್ಟೇಷನ್ನು ಕಿಟಕಿಯಲ್ಲಿ ಸರ್ರನೆ ಹೋಯಿತು. ಮುಂದಿನ ಕೊಕುಬುಂಜಿಯಲ್ಲಿ ಇಳಿದು ಒಂದು ಸ್ಟಾಪ್ ಹಿಂದಕ್ಕೆ ಬಂದೆ. ಬರೀ ವೇಗದೂತ ಹತ್ತಿದ್ದರೆ ಸಾಕಿತ್ತು. ಅಲ್ಲಿಂದ ಬಸ್ಸು.

ಕೊಗಾನೆಯ್ ಉದ್ಯಾನದೊಳಗೆ ಹಳೆಯ ಮನೆಗಳನ್ನು ಕಿತ್ತು ತಂದು ನಿಲ್ಲಿಸಿದ ಬಯಲು ಮ್ಯೂಸಿಯಂ ಇದೆ. ಹಣಕಾಸು ಸಚಿವ ತಕಹಾಶಿ ಅವರ 1902ರ ಮನೆಯೂ ಅಕಾಸಾಕಾದಿಂದ ಇಲ್ಲಿಗೆ ಬಂದಿದೆ. ಚಪ್ಪಲಿ ಚೀಲಕ್ಕೆ ಹಾಕಿಕೊಂಡು ಮರದ ಮೆಟ್ಟಿಲೇರಿದರೆ ಮೇಲೆ ಚಾಪೆ ಹಾಸಿದ ಕೋಣೆಗಳು, ಉದ್ದಕ್ಕೂ ಗಾಜಿನ ಕಿಟಕಿ. ಹಳೆಯ ಗಾಜು, ನೀರಿನಂತೆ ತುಸು ಅಲುಗುತ್ತದೆ. ತಲೆ ಆಡಿಸಿದರೆ ಹೊರಗಿನ ಮರ ಬಳುಕುತ್ತದೆ. ಮೂರು ಸಲ ಆಡಿಸಿ ನೋಡಿದೆ, ಕಾವಲಿನವರು ಏನಂದುಕೊಂಡರೋ. 81 ವರ್ಷದ ಆ ಮುದುಕರು ಮಲಗಿದ್ದದ್ದು, ಗುಂಡು, ಕತ್ತಿಗೆ ಬಲಿಯಾದದ್ದು ಈ ಮಹಡಿಯಲ್ಲಿ.

ಅವರದು ತಪ್ಪೇನು? ಸೇನೆಯ ಖರ್ಚಿಗೆ ಕಡಿವಾಣ ಹಾಕಲು ಹೊರಟದ್ದು. ಮಹಾಕುಸಿತದಿಂದ ದೇಶವನ್ನು ಸಾಲ ಮಾಡಿ, ಖರ್ಚು ಮಾಡಿ ಎತ್ತಿದವರೂ ಅವರೇ. ಎತ್ತಿದ್ದು ಎಲ್ಲರಿಗೂ ತಲುಪಲಿಲ್ಲ. ಅಮೆರಿಕಕ್ಕೆ ಹೋಗುತ್ತಿದ್ದ ರೇಷ್ಮೆಯ ಬೆಲೆ ಕುಸಿದಿತ್ತು. ಅದೇ ವರ್ಷಗಳಲ್ಲಿ ಅಗ್ಗದ ಜಪಾನ್, ಚೀನಾ ರೇಷ್ಮೆ ಬಂದು ಬಿದ್ದು ನಮ್ಮ ಮೈಸೂರು ಸೀಮೆಯ ರೇಷ್ಮೆಯವರೂ ಪೆಟ್ಟು ತಿಂದಿದ್ದರು. ನಮ್ಮವರ ಹೊಟ್ಟೆಗೆ ಹೊಡೆದ ಆ ರೇಷ್ಮೆ ಬೆಳೆದವರ ಹೊಟ್ಟೆಯೂ ತಣ್ಣಗಿರಲಿಲ್ಲ ಎಂಬುದು ನನಗೆ ಹೊಳೆದದ್ದೇ ಇಲ್ಲಿ. 1934ರಲ್ಲಿ ಚಳಿಗೆ ಈಶಾನ್ಯದ ತೊಹೊಕು ಸೀಮೆಯ ಬೆಳೆ ಹೋಯಿತು. ಆ ಕಾಲದ್ದೊಂದು ಫೋಟೋ ನೋಡಿದ್ದೆ: ಯಮಗಾತ ಪ್ರಾಂತದ ಒಂದು ಹಳ್ಳಿಯ ಸಲಹಾ ಕೇಂದ್ರದ ಬೋರ್ಡು, ಮಗಳನ್ನು ಮಾರುವ ಪ್ರಸಂಗ ಬಂದರೆ ಇಲ್ಲಿಗೆ ಬನ್ನಿ. ಇಂಥ ಹಳ್ಳಿಗಳ ಹುಡುಗರು ತಮ್ಮ ಕೈಕೆಳಗೆ ಇದ್ದರೆಂಬುದೇ ದಂಗೆಯ ಅಧಿಕಾರಿಗಳ ದೊಡ್ಡ ವಾದ. ವಾದ ಸುಳ್ಳಲ್ಲ. ಅದಕ್ಕೆ ಮದ್ದು ಈ ಮುದುಕರ ಎದೆಗೆ ಗುಂಡು ಎಂಬುದನ್ನು ಮಾತ್ರ ನಾನು ಒಪ್ಪಲಾರೆ.

ಕೆಳಗೆ ಒಬ್ಬ ಹಿರಿಯ ಹೆಂಗಸು ಬಂದವರಿಗೆ ವಿವರಿಸುತ್ತಿದ್ದರು. ಜನ ಇವರನ್ನು ಏನೆನ್ನುತ್ತಿದ್ದರು ಎಂದು ಕೇಳಿದೆ. ಆಕೆ ಎರಡೂ ಕೈಯಿಂದ ಗಾಳಿಯಲ್ಲಿ ದುಂಡಗೆ ಬರೆದು, “ದರುಮ ಸಾನ್” ಎಂದು ನಕ್ಕರು. ಕೈಕಾಲಿಲ್ಲದ, ಬೀಳಿಸಿದರೂ ಎದ್ದು ಕೂರುವ ದುಂಡು ಗೊಂಬೆ. ಈ ಸಲ ಫೋನು ಬೇಕಾಗಲಿಲ್ಲ.

ರಾತ್ರಿ ಮಗಳು ಅನ್ನ ಸಾರು ಬಡಿಸುತ್ತ, “ಯಾರೂ ಎದುರು ಮಾತಾಡ್ಲೇ ಇಲ್ವಾ?” ಅಂದಳು. ಆಡಿದರು, ಬೆರಳೆಣಿಕೆ. ಕವಾಯ್ ಎಇಜಿರೊ ಎಂಬ ಮೇಷ್ಟ್ರು ಮಾರ್ಚ್ 9ರಂದೇ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ದಂಗೆಯನ್ನು ಖಂಡಿಸಿ ಬರೆದರು. ಮೇ 7ರಂದು ಸಂಸತ್ತಿನಲ್ಲಿ ಸೈತೊ ತಕಾಒ ಸೇನೆಯನ್ನು ಮುಖಕ್ಕೆ ಹೊಡೆದಂತೆ ಪ್ರಶ್ನಿಸಿದರು. ಮುಂದೆ 1940ರಲ್ಲಿ ಚೀನಾ ಯುದ್ಧವನ್ನು ಟೀಕಿಸಿದ್ದಕ್ಕೆ ಸಂಸತ್ತು ಅವರನ್ನು ಹೊರಹಾಕಿತು. 1942ರಲ್ಲಿ, ಸರ್ಕಾರದ ಶಿಫಾರಸಿಲ್ಲದೆ ನಿಂತರೂ, ಅವರ ಕ್ಷೇತ್ರದ ಜನ ಎಲ್ಲರಿಗಿಂತ ಹೆಚ್ಚು ಓಟು ಕೊಟ್ಟು ಗೆಲ್ಲಿಸಿದರು. “ಮತ್ತೆ ಉಳಿದವ್ರು?” ಉಳಿದವರಿಗೆ 1936ರ ಮೇ 18ರಿಂದ ಅಬೆ ಸಾದಾ ಸಿಕ್ಕಿದಳು. ಪ್ರಿಯಕರನನ್ನು ಕೊಂದ ಹೆಂಗಸು. ಪತ್ರಿಕೆಗಳಿಗೆ ಸೇನೆಯ ಬಗ್ಗೆ ಬರೆಯಲು ಇದ್ದ ಭಯ ಇವಳ ಬಗ್ಗೆ ಇರಲಿಲ್ಲ. ಜುಲೈನಲ್ಲಿ ಉಏನೊ ಮೃಗಾಲಯದಿಂದ ಕರಿಚಿರತೆ ತಪ್ಪಿಸಿಕೊಂಡಿತು. ದಂಗೆ, ಅಬೆ ಸಾದಾ, ಚಿರತೆ, ಈ ಮೂರನ್ನೂ ಆ ವರ್ಷದ ಮೂರು ದೊಡ್ಡ ಸುದ್ದಿ ಎಂದು ಒಟ್ಟಿಗೇ ಎಣಿಸುತ್ತಾರಂತೆ. ಮಗಳು ಏನೋ ಹೇಳಹೊರಟು, ಟಿವಿ ಕಡೆ ನೋಡಿ ಸುಮ್ಮನಾದಳು.

ನಾಲ್ಕನೇ ದಿನ, ಶನಿವಾರ: ಯುಗವಾರಾ

ತೊಕಾಯ್ದೊ ರೈಲಿನಲ್ಲಿ ಎಡಗಡೆ ಕೂತರೆ ನೆಬುಕಾವಾ ಹತ್ತಿರ ಸಮುದ್ರ ಕಿಟಕಿಗೇ ಬರುತ್ತದೆ. ನಮಗೆ ಕೂರಲು ಜಾಗ ಸಿಕ್ಕಿದ್ದೇ ಒದವಾರಾ ದಾಟಿದ ಮೇಲೆ. ಮಕುಯಾಮಾ ಬೆಟ್ಟದ ತಪ್ಪಲಲ್ಲಿ 4,000 ಪ್ಲಮ್ ಗಿಡ ಹೂಬಿಟ್ಟಿವೆ, ರೈಲು ತುಂಬ ಅದಕ್ಕೆ ಹೊರಟವರು. ನಾವು ಬಸ್ಸು ಹಿಡಿದು ಇನ್ನೊಂದು ದಿಕ್ಕಿಗೆ, ಬಿಸಿನೀರ ಬುಗ್ಗೆಗಳ ಕಣಿವೆಗೆ ಹೋದೆವು.

ಅಲ್ಲಿ ಕೋಫೂಸೊ ಎಂಬ ಪುಟ್ಟ ಮನೆ. ಟೋಕಿಯೊದ ಹೊರಗೆ ದಂಗೆ ನಡೆದದ್ದು ಇಲ್ಲೊಂದೇ ಕಡೆ. ಒಂದು ಛತ್ರದ ಈ ಹೊರಮನೆಯಲ್ಲಿ ಮಾಜಿ ರಾಜಮುದ್ರಾಧಿಕಾರಿ ಮಕಿನೊ ನೊಬುಅಕಿ ತಂಗಿದ್ದರು. ಕ್ಯಾಪ್ಟನ್ ಕೊನೊ ಹಿಸಾಶಿಯ ಪುಟ್ಟ ತಂಡ ಬಂದು ಗುಂಡು ಹಾರಿಸಿ ಮನೆಗೆ ಬೆಂಕಿಯಿಟ್ಟಿತು. ಕಾವಲಿನ ಪೊಲೀಸ್ ಹೋರಾಡಿ ಸತ್ತ, ಮಕಿನೊ ಹಿಂಬದಿಯಿಂದ ಪಾರಾದರು. ಗಾಯಗೊಂಡ ಕೊನೊ ಅತಾಮಿಯ ಸೇನಾ ಆಸ್ಪತ್ರೆಯಲ್ಲಿ ಹಣ್ಣು ಕೊಯ್ಯುವ ಚಾಕುವಿನಿಂದ ತನ್ನನ್ನು ಕೊಂದುಕೊಂಡ. ಈಗಿರುವುದು ಮತ್ತೆ ಕಟ್ಟಿದ ಮನೆ. ಶನಿವಾರ, ಭಾನುವಾರ ತೆರೆದಿರುತ್ತದೆ, ಊರಿನವರೇ ನಿಂತು ತೋರಿಸುತ್ತಾರೆ.

ನಮಗೆ ಸಿಕ್ಕ ಹಿರಿಯರು ಹಳೆಯ ಪತ್ರಿಕೆಗಳ ಮುಂದೆ ಕೋಲು ಹಿಡಿದು ನಿಂತಿದ್ದರು. ನನ್ನ ಪ್ರಶ್ನೆಯನ್ನು ಮಗಳು ಜಪಾನಿಗೆ ತಿರುಗಿಸಿದಳು: ಊರಿನವರು ಯಾರ ಪರ ಇದ್ದರು? ಅವರು ಸ್ವಲ್ಪ ಯೋಚಿಸಿ ಹೇಳಿದ್ದನ್ನು ಅವಳು ಕನ್ನಡ ಮಾಡಿದಳು. “ಅವ್ರಿಗೆ ಮೊದ್ಲು ಕಂಡಿದ್ದು ಬೆಂಕಿ ಅಂತೆ ಅಮ್ಮ. ಬೆಂಕಿ ಕಂಡ್ರೆ ನೀರು ತರ್ತಾರೆ. ಯಾರ ಪರ ಅನ್ನೋದು ಮಾರನೇ ದಿನ ಪೇಪರ್ ಬಂದ್ಮೇಲೆ.” ಊರಿನ ಅಗ್ನಿಶಾಮಕ ಹುಡುಗರೂ ಅಂದು ಓಡಿ ಬಂದಿದ್ದರು. ಹೊರಡುವಾಗ ಆ ಹಿರಿಯರು ಎರಡು ಕಿತ್ತಳೆ ಕೊಟ್ಟರು. ಈ ಊರಿನ ಹೆಸರಾಂತ ತಿಂಡಿ ತಂತಾನ್ ಯಾಕಿಸೊಬಾದಲ್ಲಿ ಮಾಂಸವಿರುವುದರಿಂದ ನನ್ನ ಮಧ್ಯಾಹ್ನದ ಊಟ ಆ ಕಿತ್ತಳೆಯೇ ಆಯಿತು. ಸಿಪ್ಪೆ ತೆಳು, ಹುಳಿ ಕಡಿಮೆ, ನಮ್ಮ ಕೊಡಗಿನದಕ್ಕಿಂತ ಬೀಜವೂ ಕಡಿಮೆ.

ಹೊರಡುವ ದಿನ: ಶಿಬುಯಾ

ವಿಮಾನ ಸಂಜೆಗೆ. ಬೆಳಿಗ್ಗೆ ಒಂದು ಗಂಟೆ ಸಿಕ್ಕಿತು. ಶಿಬುಯಾದ ಅಂಗಡಿ ಬೀದಿಗಳ ಮೇಲ್ಗಡೆ, ಸರ್ಕಾರಿ ಕಚೇರಿಯ ಮೂಲೆಯಲ್ಲಿ, 1965ರಲ್ಲಿ ನಿಲ್ಲಿಸಿದ ಕಣ್ಣೊನ್ ದೇವಿಯ ಪ್ರತಿಮೆಯಿದೆ. ಇದು ಸೇನೆಯ ಸೆರೆಮನೆ ಇದ್ದ ಜಾಗ. ಕೊಂದವರು, ಸತ್ತವರು ಎಲ್ಲರಿಗೂ ಸೇರಿಸಿ ಒಂದೇ ಪ್ರತಿಮೆ. 1936ರ ಜುಲೈ 12ರಂದು ಇಲ್ಲಿ 15 ಮಂದಿಯನ್ನು ಗುಂಡಿಕ್ಕಿ ಕೊಂದಾಗ, ಸದ್ದು ತಿಳಿಯದಿರಲೆಂದು ಪಕ್ಕದ ಕವಾಯತು ಮೈದಾನದಲ್ಲಿ ಸೈನಿಕರ ಕೈಯಲ್ಲಿ ಖಾಲಿ ತೋಟಾ ಹಾರಿಸಿದರು. ದೇವಿಯ ಪಾದದ ಬಳಿ ಒಂದು ಗಾಜಿನ ಲೋಟದ ಸಾಕೆ ಮದ್ಯ, ಒಂದು ಡಬ್ಬಿ ಕಾಫಿ, ಬಾಡಿದ ಹೂವು. ಉಳಿದಿದ್ದ ಒಂದು ಕಿತ್ತಳೆ ಇಟ್ಟು ಬಂದೆ. ಥರ್ಮಲ್ಲು ಇನ್ನೂ ಬ್ಯಾಗಿನಲ್ಲೇ ಇತ್ತು.

ಊರಿಗೆ ಬಂದು ಎರಡು ದಿನಕ್ಕೆ ಮಗಳ ವಾಟ್ಸ್ಯಾಪ್ ಬಂತು: “ಅಮ್ಮ, ನೀನು ಹೋಗಿದ್ದೇ ತಡ, ಬಿತ್ತು ನೋಡು.” ಜೊತೆಗೆ ಫೋಟೋ. ಅವಳ ಮನೆ ಕೆಳಗಿನ ಆಟದ ಬಯಲಿನಲ್ಲಿ, ಮಣ್ಣು ಮೆತ್ತಿದ ಹಿಮದ ಎರಡು ಉಂಡೆ ಒಂದರ ಮೇಲೊಂದು, ಕಣ್ಣಿಗೆ ಬಾಟಲಿಯ ಮುಚ್ಚಳ. ಪಕ್ಕದಲ್ಲಿ ಸ್ಕೂಲ್‌ಬ್ಯಾಗುಗಳು ಬಿದ್ದಿದ್ದವು.